ರಿಯಾದಿನಿಂದ ನಾಲ್ಕು ತಾಸು

ಮೋರಟಗಿಯ ಮಡಿವಾಳಪ್ಪ ಮಾಸ್ತರರು ಸೊಲ್ಲಾಪುರ ದಾಟಿದವರಲ್ಲ. ಆದರೂ ಜಗತ್ತಿನ ದೂರವೆಲ್ಲ ಅವರ ಬಾಯಲ್ಲೇ. ನಕಾಶೆಯ ಮೇಲೆ ದಾರ ಎಳೆದು, ಇಷ್ಟು ಕಿಲೋಮೀಟರು, ವಿಮಾನಕ್ಕೆ ಇಷ್ಟು ತಾಸು ಅಂದರೆ ಮುಗಿಯಿತು, ಬ್ರಹ್ಮ ಬಂದರೂ ತಿದ್ದುವಂತಿಲ್ಲ. ತಮ್ಮ ಕಲ್ಮೇಶ ವೈರಿಂಗ್ ಕೆಲಸಕ್ಕೆ ರಿಯಾದಿಗೆ ಹೊರಟಾಗ ಅವನ ಹೆಂಡತಿ ರುಕ್ಮವ್ವ ಅತ್ತಳು. ಮಾಸ್ತರರು ದಾರ ತೋರಿಸಿ ನಕ್ಕರು.

"ಮುಂಬೈಯಿಂದ ಎರಡು ಸಾವಿರದ ಎಂಟನೂರು ಕಿಲೋಮೀಟರ. ನಾಕ ತಾಸಿನ ಹಾದಿ. ಬೆಳಗಾವಿಗಿ ಬಸ್ಸಿನಾಗ ಹೋದ್ರ ಇದಕ್ಕಿಂತ ಹೊತ್ತಾಗ್ತೈತಿ. ಯಾಕ ಅಳ್ತೀಯವ್ವಾ?"

ಅವಳು ನಂಬಿದಳು.

ತೊಂಬತ್ತೆಂಟರ ಚಳಿಗಾಲದಲ್ಲಿ ಎಸ್‌ಟಿಡಿ ಬೂತಿಗೆ ಫೋನು ಬಂತು. ಕಲ್ಮೇಶನ ಜೊತೆಗಾರ ನಿಜಾಮುದ್ದೀನ ಅಳುತ್ತಲೇ ಹೇಳಿದ: ಮೂರನೆಯ ಮಹಡಿಯಿಂದ ಬಿದ್ದು ಕಲ್ಮೇಶ ಹೋಗಿಬಿಟ್ಟ, ಹೆಣ ಇವತ್ತೇ ಕಳಿಸುತ್ತಾರಂತೆ. ಮಾಸ್ತರರು ಮತ್ತೆ ದಾರ ಎಳೆದರು. ವಿಮಾನಕ್ಕೆ ನಾಲ್ಕು ತಾಸು, ಮುಂಬೈಯಿಂದ ಗಾಡಿಗೆ ಹನ್ನೆರಡು. "ನಾಳಿ ಮಧ್ಯಾಹ್ನಕ್ಕ ಬರ್ತಾನ" ಅಂದರು.

ರುಕ್ಮವ್ವ ಕೇಳಿದ್ದು ಒಂದೇ. "ಮಾರಿ ನೋಡಬೇಕ್ರಿ, ಭಾವಾರ. ಕೈಯಾಗ ಲಿಂಗ ಇಟ್ಟು, ಕುಂದರಿಸಿ ಕಳಸೂಣ್ರಿ."

"ಹಂಗ ಮಾಡೂಣವ್ವಾ."

ಮರುದಿನ ಬೆಳಿಗ್ಗೆ ಕುಣಿ ತೋಡುವ ಗುರಪ್ಪ ಬಂದು, "ತೋಡ್ಲೇನ್ರಿ ಮಾಸ್ತರ?" ಅಂದ. ತೋಡು ಅಂದರು. ಅವನು ಲಿಂಗವಂತರ ರೂಢಿಯಂತೆ ಚೌಕ ಕುಣಿ ತೋಡಿ, ಹೆಣ ಕೂರಿಸಲು ಗೋಡೆಯಲ್ಲಿ ಗೂಡು ಕೊರೆದ. ವಿಭೂತಿ, ಬಿಲ್ವಪತ್ರಿ ಬಂದವು. ಕನ್ನೊಳ್ಳಿ, ಯಂಕಂಚಿಯ ಬೀಗರು ರಸ್ತೆ ನೋಡುತ್ತ ಕೂತರು. ಮಧ್ಯಾಹ್ನ ಜಾರಿತು, ಹೊತ್ತು ಮುಳುಗಿತು, ಗಾಡಿ ಬರಲಿಲ್ಲ.

ತೋಡಿದ ಕುಣಿಯನ್ನು ಖಾಲಿ ಬಿಟ್ಟು ರಾತ್ರಿ ಕಳೆಯಬಾರದು. ಅದು ಅದೇ ಮನೆಯ ಇನ್ನೊಬ್ಬರನ್ನು ಕರೆಯುತ್ತದೆ ಅಂತ ಮಾತು. ಹಿರಿಯರು ಒಂದು ಕಲ್ಲು ಇಳಿಸಿ ಮಣ್ಣು ಮುಚ್ಚಿಸಿದರು. ಮಾಸ್ತರರಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಅನ್ನಿಸಿತು ಅವರಿಗೆ.

ಹೆಣ ಬರಲು ಇಪ್ಪತ್ತಾರು ದಿನ ಹಿಡಿಯಿತು. ಪೊಲೀಸರ ಸಹಿ, ಮಾಲಕನ ಸಹಿ, ರಾಯಭಾರ ಕಚೇರಿಯ ಸಹಿ. ಆ ದೂರ ಅಳೆಯುವ ದಾರ ಮಾಸ್ತರರ ಹತ್ತಿರ ಇರಲಿಲ್ಲ. ಕೊನೆಗೆ ಬಂದದ್ದು ಮೊಳೆ ಜಡಿದ ಆಳುದ್ದದ ಪೆಟ್ಟಿಗೆ. ತೆರೆಯಬಾರದೆಂದು ಕಾಗದ ಅಂಟಿಸಿದ್ದರು. ಕೂರಿಸುವ ಮಾತೇ ಇರಲಿಲ್ಲ. ಗುರಪ್ಪ ತನ್ನ ಜನ್ಮದಲ್ಲಿ ಮೊದಲ ಸಲ ಉದ್ದನೆಯ ಕುಣಿ ತೋಡಿದ.

ರುಕ್ಮವ್ವ ಹಲಗೆಯ ಮೇಲೆ ಲಿಂಗವಿಟ್ಟು ಕೈಯಾಡಿಸಿದಳು. "ಅವರ ಮಾರಿ ಯಾ ಕಡೆ ಐತ್ರಿ, ಭಾವಾರ?"

ಜಗತ್ತಿನ ದಿಕ್ಕೆಲ್ಲ ಬಲ್ಲ ಮಾಸ್ತರರು ಪೆಟ್ಟಿಗೆಯ ಎರಡೂ ತುದಿಗೆ ಹೋಗಿ ಗುರುತು ಹುಡುಕಿದರು.

ಮಣ್ಣು ಕೊಟ್ಟು ಮರಳುವಾಗ ಅವರು ಕಲ್ಲು ಇಳಿಸಿ ಮುಚ್ಚಿದ ಚೌಕ ಕುಣಿಯ ಹತ್ತಿರ ನಿಂತರು. "ಗುರಪ್ಪಾ, ಇದನ್ನ ಬ್ಯಾರೆಯವರಿಗೆ ತೋಡಬ್ಯಾಡ. ಇದು ನಂದು."

ಹಿಂದೆ ಬರುತ್ತಿದ್ದ ರುಕ್ಮವ್ವ ಕೇಳಿಸಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವಾದ್ರೂ ಕುಂತು ಹೋಗ್ರಿ, ಭಾವಾರ."