ಮಡ್ಡಿಯ ಕಲ್ಲುಗುಪ್ಪೆಗಳು

ಉಮದಿ ಕಡೆಯ ಬರಡು ಮಡ್ಡಿ ನೆಲವನ್ನು ನಡೆದು ದಾಟಬೇಕೆಂಬ ಹುಚ್ಚು ಜತ್ತದ ನನ್ನ ಗೆಳೆಯನದು. ಸಹ್ಯಾದ್ರಿಯಲ್ಲಿ ಟ್ರೆಕ್ಕಿಂಗ್ ಕಲಿತು ಬಂದವನು. ಹಾದಿ ಕವಲೊಡೆದಲ್ಲಿ ಒಂದು ಕಲ್ಲುಗುಪ್ಪೆ ಕಂಡಾಗ, "ದಾರಿ ತೋರ್ಸಾಕ ಹಿಂಗ ಪೇರ್ಸಿರ್ತಾರ, ಬಾ ಲಗೂನ" ಎಂದು ಅತ್ತಲೇ ಹೊರಟ.

ಎರಡನೆಯ ಗುಪ್ಪೆ ಸಿಗುವಷ್ಟರಲ್ಲಿ ನಮ್ಮ ನೀರು ಮುಗಿದಿತ್ತು. ಸುತ್ತ ನೆರಳಿಗೊಂದು ಜಾಲಿಗಿಡವೂ ಇರಲಿಲ್ಲ. ಆಗ ಯಳವಿ ಊರಿನ ನನ್ನ ಅಜ್ಜಿ ನೆನಪಾದಳು. ಹಾದಿಯಲ್ಲಿ ಯಾರಾದರೂ ಸತ್ತ ಜಾಗ ಬಂದರೆ ಅವಳು ಒಂದು ಕಲ್ಲು ಹಾಕಿಯೇ ಮುಂದೆ ಹೋಗುತ್ತಿದ್ದಳು. ಹೋಗಿಬರುವವರೆಲ್ಲ ಹಾಗೆ ಹಾಕಿ ಹಾಕಿ ಅಲ್ಲೊಂದು ಗುಪ್ಪೆ ಏಳುತ್ತಿತ್ತು. ನೀರಡಿಸಿ ಸತ್ತವರಾದರೆ ಮನೆಯವರು ಪಕ್ಕದಲ್ಲಿ ನೀರನ್ನೂ ಇಡುತ್ತಿದ್ದರು.

ಇದನ್ನೆಲ್ಲ ಹೇಳಿ, "ಇದು ದಾರಿ ಅಲ್ಲೋ, ಸತ್ತವರ ಕಲ್ಲು. ಹಿಂದಕ್ಕ ನಡಿ" ಎಂದೆ.

"ನಿಮ್ಮಜ್ಜಿ ಕತಿ ಸಾಕ್ ಮಾಡು. ಅಲ್ನೋಡು, ಮತ್ತೊಂದೈತಿ!" ಎಂದು ಅವನು ನಡೆದೇಬಿಟ್ಟ.

ಸಿಟ್ಟು ನೆತ್ತಿಗೇರಿತು. ಆದರೂ ಒಬ್ಬನನ್ನೇ ಬಿಡಲಾಗದೆ ಬೆನ್ನು ಹತ್ತಿದೆ.

ಮೂರನೆಯದು ಮೊಣಕಾಲೆತ್ತರವೂ ಇರಲಿಲ್ಲ. ಅದರ ಪಕ್ಕ ಒಂದು ತುಂಬಿದ ನೀರಿನ ಬಾಟಲಿ ಇತ್ತು. ಅದರ ಮೇಲೆ ಇನ್ನೂ ಧೂಳು ಕೂತಿರಲಿಲ್ಲ. ಗೆಳೆಯ ಒಣಗಿದ ತುಟಿ ಸವರಿಕೊಂಡು ಬಗ್ಗಿ ಕೈ ಚಾಚಿದ. ಆ ಕೈ ಅರ್ಧಕ್ಕೇ ನಿಂತಿತು.

"ಕುಡಿ" ಎಂದೆ. "ಇಲ್ಲಾಂದ್ರ ನಮಗೂ ಇಲ್ಲೇ ಕಲ್ಲು ಬೀಳ್ತಾವ."