ಪಂಚಮಿಗೆ ಕರೆಯಲು ಹೋದ ಮಾವಶಿ

ಸುನಂದಾಬಾಯಿಗೆ ಏನೂ ಅನಿಸುವುದಿಲ್ಲ ಎಂಬುದು ಆಶ್ರಮದಲ್ಲಿ ಎಲ್ಲರಿಗೂ ಗೊತ್ತು. ಮಿರಜ ಸ್ಟೇಷನ್ನಿನ ಹಿಂದಿರುವ ಆ ಅನಾಥಾಶ್ರಮದಲ್ಲಿ ಆಕೆ ಹೊಲಿಗೆ ಕಲಿಸುತ್ತಾಳೆ. ಹುಡುಗಿಯರು ಆಕೆಯನ್ನು ಕರೆಯುವುದು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ ಎಂದು. ಊರ ತುಂಬ ಆಸ್ಪತ್ರೆಗಳು. ಚಾದರ, ದಿಂಬಿನ ಗವಸು, ರೋಗಿಗಳ ಗೌನು ಎಂದು ಹುಡುಗಿಯರಿಗೆ ಕೆಲಸಕ್ಕೇನೂ ಬರವಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕವರು, ಬಸ್ಸಿನಲ್ಲಿ ಯಾರೋ ಬಿಟ್ಟುಹೋದವರು, ಎಲ್ಲರೂ ಆಕೆಯ ಕೈಕೆಳಗೆ ಕಲಿತು, ಹದಿನೆಂಟು ತುಂಬುತ್ತಲೇ ಗೇಟು ದಾಟುತ್ತಾರೆ. ಹೋಗುವವರು ಅಳುತ್ತಾರೆ. ಈ ಪುಣ್ಯಾತ್ಗಿತ್ತಿ ಅಷ್ಟೊತ್ತಿಗೆ ಇನ್ನೊಬ್ಬಳಿಗೆ ಮಷೀನಿಗೆ ದಾರ ಪೋಣಿಸುವುದನ್ನು ತೋರಿಸುತ್ತಿರುತ್ತಾಳೆ.

ಗೇಟಿನಲ್ಲಿ ಚೀಲ ತಪಾಸಣೆಯೂ ಆಕೆಯದೇ. ಹೊರಗೆ ಹೋಗಿ ಬಂದ ಹುಡುಗಿ ಚೀಲ ಬಿಚ್ಚಿ ತೋರಿಸಿಯೇ ಒಳಗೆ ಬರಬೇಕು. ಒಮ್ಮೊಮ್ಮೆ ಗುಟಕಾ, ಯಾರದೋ ಮೊಬೈಲು ಸಿಗುತ್ತಿತ್ತು. ನಿಯಮ ಸುಮ್ಮನೆ ಹುಟ್ಟಿದ್ದಲ್ಲ.

ಗಂಡ ಸತ್ತಮೇಲೆ ಪೇಟೆಯಲ್ಲಿದ್ದ ಕಿರಾಣಿ ಅಂಗಡಿ ಮೈದುನರ ಪಾಲಾಯಿತು. ತವರಿನಲ್ಲಿ ಅಣ್ಣನಿದ್ದಾನೆ, ಪದ್ಧತಿಯಂತೆ ನಾಗರ ಪಂಚಮಿಗೆ ತಂಗಿಯನ್ನು ಕರೆದೊಯ್ಯಲು ಬರುವುದನ್ನು ಅವನೂ ಬಿಟ್ಟ. ಮೊದಲ ವರ್ಷ ಸಿಟ್ಟು ಬಂತು, ಮರುವರ್ಷ ಅಳು ಬಂತು, ಆಮೇಲೆ ಏನೂ ಬರಲಿಲ್ಲ.

ನೇತ್ರಾಳನ್ನು ಆರು ವರ್ಷದವಳಿದ್ದಾಗ ಪೊಲೀಸರು ಸ್ಟೇಷನ್ನಿನಿಂದ ತಂದು ಬಿಟ್ಟಿದ್ದರು. ಮರಾಠಿ ಮಾತಾಡುತ್ತಿದ್ದ ಹುಡುಗಿ ಕನ್ನಡ ಕಲಿತದ್ದು ಸುನಂದಾಬಾಯಿಯ ಬೈಗುಳದಿಂದ. ಆ ಕನ್ನಡವೇ ಕೆಲಸಕ್ಕೆ ಬಂತು. ಮಗನಿಗೆ ಹೆಣ್ಣು ಸಿಗದೆ ಸೋತಿದ್ದ, ಹತ್ತಿರದ ಆರಗ ಹಳ್ಳಿಯ ಕನ್ನಡ ಮನೆಯೊಂದರವರು ಆಶ್ರಮಕ್ಕೆ ಬಂದು ಕೇಳಿ, ಬೇಸಿಗೆಯಲ್ಲಿ ಮದುವೆ ಮಾಡಿಕೊಂಡು ಹೋದರು.

ಶ್ರಾವಣದಲ್ಲಿ ಅವಳ ಫೋನು ಬಂತು.

"ಮಾವಶಿ, ಮೊದಲನೇ ಪಂಚಮಿ ಐತ್ರಿ. ಕರಿಯಾಕ ಯಾರ್ ಬರ್ತಾರ ಅಂತ ಅತ್ತಿ ಕೇಳಾಕತ್ಯಾರ. ಓಣ್ಯಾಗ ಎಲ್ಲಾರೂ ಕೇಳಾಕತ್ಯಾರ."

ಹಬ್ಬಕ್ಕೆ ನೇತ್ರಾಳನ್ನು ಆಶ್ರಮಕ್ಕೆ ಕರೆತರಬಹುದೇ ಎಂದು ಸುನಂದಾಬಾಯಿ ಕಾರ್ಯದರ್ಶಿ ಗುರುಸಿದ್ಧಪ್ಪನವರನ್ನು ಕೇಳಿದಳು. ಅವರೇನು ಕೆಟ್ಟವರಲ್ಲ. "ಹದಿನೆಂಟು ದಾಟಿದಾಕೀನ್ನ ರಾತ್ರಿ ಇಟ್ಕೊಳ್ಳಾಕ ಬರೂದಿಲ್ಲ ಬಾಯಿ. ಕಾಯದೆ ಐತಿ" ಎಂದರು.

ಅದನ್ನೇ ಆಕೆ ನೇತ್ರಾಳಿಗೆ ಹೇಳಿದಳು.

"ಇರ್ಲಿ ಬಿಡ್ರಿ ಮಾವಶಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಆ ದನಿ ಸುನಂದಾಬಾಯಿಗೆ ಚೆನ್ನಾಗಿ ಗೊತ್ತು. ತನಗೆ ಅದು ಬರಲು ಮೂರು ವರ್ಷ ಹಿಡಿದಿತ್ತು. ಈ ಹುಡುಗಿಗೆ ಮೊದಲ ವರ್ಷವೇ ಬಂದುಬಿಟ್ಟಿತ್ತು.

ಹಬ್ಬದ ಹಿಂದಿನ ದಿನ ಶೇಂಗಾ ಉಂಡಿಯ ಡಬ್ಬಿ ಹಿಡಿದು ಆಕೆ ಆರಗದ ಬಸ್ಸು ಹತ್ತಿದಳು. ನೇತ್ರಾಳ ಅತ್ತೆ ಇಂದುಬಾಯಿ ಅಂಗಳದಲ್ಲೇ ಕೇಳಿದಳು.

"ನೀವು ಆಕೀಗೆ ಏನಾಗಬೇಕ್ರಿ?"

"ಏನೂ ಆಗೂದಿಲ್ರಿ. ಹೊಲಿಗಿ ಕಲ್ಸೀನಿ. ಕರಿಯಾಕ ಬಂದೇನಿ."

ಇಂದುಬಾಯಿ ಆಕೆಯನ್ನೂ ಉಂಡಿಯ ಡಬ್ಬಿಯನ್ನೂ ನೋಡಿದಳು. ಪಕ್ಕದ ಮನೆಯವರೂ ಬಾಗಿಲಿಗೆ ಬಂದು ನೋಡಿದರು.

"ಹಂಗಾರ ಒಳಗ ಬರ್ರಿ, ಕುಂದ್ರಿ. ಚಹಾ ಕುಡದ ಹೋಗೀರಂತ."

ಚಹಾ ಆದಮೇಲೆ ಇಂದುಬಾಯಿ ನೇತ್ರಾಳನ್ನು ಆಕೆಯ ಜೊತೆ ಕಳಿಸಿಕೊಟ್ಟಳು. ಆಶ್ರಮದಲ್ಲಿ ಉಳಿಯುವಂತಿಲ್ಲವಾದ್ದರಿಂದ ಸುನಂದಾಬಾಯಿ ಅವಳನ್ನು ನೇರ ತನ್ನ ಮನೆಗೇ ಕರೆತಂದಳು. ಮನೆಯೆಂದರೆ ಒಂದೇ ಕೋಣೆ. ಬೀಗ ತೆಗೆದು ಒಳಗೆ ಹೋಗಿ ದೀಪ ಹಾಕಿ ತಿರುಗಿದರೆ, ನೇತ್ರಾ ಇನ್ನೂ ಹೊಸ್ತಿಲ ಹೊರಗೇ ಇದ್ದಳು. ಚೀಲವನ್ನು ನೆಲಕ್ಕಿಟ್ಟು, ಚೈನು ಪೂರ್ತಿ ತೆಗೆದು, ಒಂದು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತಿದ್ದಳು, ತಪಾಸಣೆಗೆ.

ಸುನಂದಾಬಾಯಿಯ ಕೈ ರೂಢಿಯಂತೆ ತಾನಾಗಿಯೇ ಚೀಲದೊಳಗೆ ಹೋಯಿತು. ಎರಡು ಸೀರೆ, ಸಾಬೂನು. ಅಡಿಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಸ್ಟೀಲಿನ ತಾಟು, ಲೋಟ. ಆಶ್ರಮದಲ್ಲಿ ಯಾರ ತಾಟು ಅವರೇ ತರಬೇಕು. ತವರಿಗೂ ಹಾಗೆಯೇ ಒಯ್ಯುತ್ತಾರೆಂದು ಹುಡುಗಿ ತಿಳಿದಿದ್ದಳು.

ಕೈ ಅಲ್ಲಿಗೇ ನಿಂತಿತು. ಎಷ್ಟೋ ವರ್ಷಗಳ ಮೇಲೆ ಸುನಂದಾಬಾಯಿಗೆ ಏನೋ ಅನಿಸಿತು. ನಾಚಿಕೆ, ಮೈಯೆಲ್ಲ ಸುಡುವಂಥ ನಾಚಿಕೆ.

"ಮುಚ್ಚವಾ ಅದನ್ನ" ಎಂದಳು. "ಇಲ್ಲೆ ಚೀಲ ಯಾರೂ ನೋಡೂದಿಲ್ಲ. ತಾಟು ಮನ್ಯಾಗ ಐತಿ."

ನೇತ್ರಾ ಚೈನು ಎಳೆದು ಒಳಗೆ ಬಂದಳು.

ತಾಟು ಇದ್ದದ್ದೇನೋ ನಿಜ, ಒಂದೇ ಇತ್ತು. ಊಟಕ್ಕೆ ಕುಳಿತಾಗ ಸುನಂದಾಬಾಯಿ ಅದರಲ್ಲಿ ನೇತ್ರಾಳಿಗೆ ಬಡಿಸಿ, ಆ ಚೀಲದ ಚೈನನ್ನು ತಾನೇ ತೆಗೆದು, ಒಳಗಿದ್ದ ತಾಟಿನಲ್ಲಿ ತನಗೆ ಹಾಕಿಕೊಂಡಳು.