ಅತ್ತಿಗೆ ಆರಿಸಿದ ರ್ಯಾಕೆಟ್

ಶಿವಮೊಗ್ಗದ ಆ ಅಂಗಡಿಯವನು ಹೊಸ ರ್ಯಾಕೆಟ್ಟೊಂದನ್ನು ತೋರುಬೆರಳ ಮೇಲೆ ಅಡ್ಡಲಾಗಿ ಇಟ್ಟು ಕೈಬಿಟ್ಟ. ಅದರ ತಲೆ ಮೆಲ್ಲಗೆ ಕೆಳಗೆ ವಾಲಿತು. “ನೋಡಿ, ತಲೆ ಭಾರ. ಡಬಲ್ಸಲ್ಲಿ ಅಟ್ಯಾಕ್ ಮಾಡೋರಿಗೆ ಇದೇ ಸರಿ” ಎಂದು ನನ್ನ ಮೊಮ್ಮಗಳಿಗೆ ಹೇಳಿದ. ಅವಳು ಕಾಲೇಜಿನ ತಂಡಕ್ಕೆ ಹೊಸದಾಗಿ ಸೇರಿದ್ದಳು. ಜೊತೆಗೆ ಬನ್ನಿ ಅಜ್ಜಿ ಎಂದಳೆಂದು ನಾನು ಹೋಗಿದ್ದೆ, ಮೂಲೆಯ ಸ್ಟೂಲಿನ ಮೇಲೆ ಕೂತಿದ್ದೆ. ವಾಲಿದ ಆ ತಲೆಯನ್ನು ನೋಡಿದ್ದೇ ತಡ, ಅಂಗಡಿಯ ಟ್ಯೂಬ್‌ಲೈಟು, ಹೊರಗಿನ ಸ್ಕೂಟರುಗಳ ಸದ್ದು ಎಲ್ಲ ದೂರವಾಯಿತು. ಇನ್ನೊಂದು ಬೆರಳು ಕಣ್ಣಮುಂದೆ ಬಂತು. ಅರಿಶಿನದ ಕಲೆ ಉಳಿದಿದ್ದ ಬೆರಳು... ನಮ್ಮ ಅತ್ತಿಗೆಯದು.

ನನಗಾಗ ಇಪ್ಪತ್ತರ ಸುಮಾರು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ಸೊರಬದ ಹತ್ತಿರದ ಉಳವಿಯಲ್ಲಿ. ಅಣ್ಣ ಅಂಜನಾಪುರದ ನಾಲೆಗಳ ಮೇಲೆ ಓವರ್‌ಸಿಯರ್ ಆಗಿದ್ದ. ಶಿಕಾರಿಪುರದಲ್ಲಿ ಬಾಡಿಗೆ ಮನೆ ಮಾಡಿದ್ದ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿದಾಗ ಅಣ್ಣ ಅತ್ತಿಗೆಯ ಜೊತೆಗೇ ಇರತೊಡಗಿದೆ. ಅತ್ತಿಗೆ ದಾವಣಗೆರೆಯವರು. ಅವರ ತಂದೆ ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಗಿರಣಿಯ ಕ್ಲಬ್ಬಿನಲ್ಲಿ ಬ್ಯಾಡ್ಮಿಂಟನ್ ಆಡುತ್ತಲೇ ಬೆಳೆದವರು ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ತಮ್ಮ ರ್ಯಾಕೆಟ್ಟನ್ನೂ ಇಟ್ಟುಕೊಂಡು ಬಂದಿದ್ದರು. ಅವರನ್ನು ನಾನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಇಲ್ಲಿಯೂ ಹೆಸರು ಬರೆಯಲು ಕೈ ಬರುವುದಿಲ್ಲ.

ತಾಲ್ಲೂಕು ಕಚೇರಿಯ ಹಿಂದಿದ್ದ ಆಫೀಸರುಗಳ ಕ್ಲಬ್ಬಿನಲ್ಲಿ ಮಣ್ಣಿನ ಕೋರ್ಟಿತ್ತು. ಗಂಡಸರು ಕಚೇರಿ ಮುಗಿಸಿ ಬರುವುದರೊಳಗೆ ಹೆಂಗಸರು ಆಡಿಕೊಳ್ಳಬಹುದಿತ್ತು. ಸೆರಗು ಸೊಂಟಕ್ಕೆ ಬಿಗಿದು, ಬರಿಗಾಲಲ್ಲಿ, ಅತ್ತಿಗೆ ನನಗೆ ಆಟ ಕಲಿಸಿದರು. ಅವರು ಯಾವಾಗಲೂ ನೆಟ್ಟಿನ ಹತ್ತಿರವೇ ನಿಲ್ಲುತ್ತಿದ್ದರು. ಬೆಕ್ಕು ಇಲಿ ಕಾದಂತೆ ಕಾದು, ಒಂದೇ ಒಂದು ತಟ್ಟು ತಟ್ಟಿ ಶಟಲನ್ನು ಆಚೆ ಬೀಳಿಸಿಬಿಡುತ್ತಿದ್ದರು. ತಲೆಯ ಮೇಲೆ ಹಾದುಹೋದದ್ದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. “ಹೊಡಿ!” ಎನ್ನುತ್ತಿದ್ದರು ಅಷ್ಟೆ. ಹಿಂದೆ ನಿಂತ ನಾನು ಹಾರಿ ಹೊಡೆಯುತ್ತಿದ್ದೆ. ಅದು ಅವರ ಆಟದ ಶೈಲಿ ಎಂದೇ ನಾನು ತಿಳಿದಿದ್ದೆ.

ಆ ವರ್ಷ ಸೊರಬದ ಕ್ಲಬ್ಬಿನವರು ವಾರ್ಷಿಕೋತ್ಸವಕ್ಕೆ ಹೆಂಗಸರ ಡಬಲ್ಸ್ ಇಟ್ಟುಕೊಂಡು ನಮ್ಮಿಬ್ಬರನ್ನು ಕರೆದರು. ನನ್ನ ಕೈಯಲ್ಲಿದ್ದದ್ದು ಕ್ಲಬ್ಬಿನ ಹಳೆಯ ರ್ಯಾಕೆಟ್. ಮರ ಒದ್ದೆಯಾಗಿ ಒಣಗಿ, ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

“ಈ ಸೊಟ್ಟ ಸೌಟು ಹಿಡ್ಕಂಡು ಸೊರಬಕ್ಕೆ ಹೋಗೋದು ಬ್ಯಾಡ” ಎಂದರು ಅತ್ತಿಗೆ. “ರೀ, ನಿಮ್ಮ ತಂಗಿಗೆ ಒಂದು ಹೊಸಾದು ಕೊಡಿಸ್ರಿ.”

ಅಣ್ಣ ಇಲ್ಲವೆನ್ನಲಿಲ್ಲ. ಶಿರಾಳಕೊಪ್ಪದಲ್ಲಿ ಶಾಲೆಯ ಸಾಮಾನು ಮಾರುವ ಸಾಹುಕಾರರೊಬ್ಬರು ಹುಬ್ಬಳ್ಳಿಯಿಂದ ಕೆಲವು ರ್ಯಾಕೆಟ್ ತರಿಸಿದ್ದಾರೆಂದು ತಿಳಿದು, ಸಂತೆಯ ದಿನ ನಾವಿಬ್ಬರೇ ಬಸ್ಸು ಹತ್ತಿ ಹೋದೆವು.

ನನ್ನ ಕಣ್ಣು ಹೋದದ್ದು ಕೆಂಪು ದಾರ ಸುತ್ತಿದ ತೆಳ್ಳನೆಯ ಒಂದರ ಮೇಲೆ. ಕೈಗೆ ಹೂವಿನಷ್ಟು ಹಗುರ. ಅತ್ತಿಗೆ ಅದನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. “ಚೆಂದ ಐತೆ. ಆದ್ರೆ ಇದು ನನ್ನಂಥೋರಿಗೆ, ಮುಂದೆ ನಿಂತು ತಟ್ಟೋರಿಗೆ.” ಆಮೇಲೆ ಉಳಿದವುಗಳನ್ನು ಒಂದೊಂದಾಗಿ ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಚೌಕಟ್ಟು ನೆಟ್ಟಗಿದೆಯೇ ಎಂದು ನೋಡಿದರು. ತಂತಿಗಳನ್ನು ಉಗುರಿನಿಂದ ಮೀಟಿ ಕಿವಿಗೊಟ್ಟು ಕೇಳಿದರು. ಕೊನೆಗೆ ಬಣ್ಣವೇ ಇಲ್ಲದ, ಸ್ಟೀಲಿನ ಕಡ್ಡಿಯ ಒಂದನ್ನು ಬೆರಳ ಮೇಲೆ ಇಟ್ಟರು. ಅದರ ತಲೆ ತಟಕ್ಕನೆ ಕೆಳಗೆ ಹೋಯಿತು. ಅತ್ತಿಗೆಯ ಮುಖ ಅರಳಿತು.

“ಹಿಡಿ. ಬೀಸು.”

ಬೀಸಿದೆ. ಮೇಲೆ ನೇತುಹಾಕಿದ್ದ ರಬ್ಬರ್ ಚೆಂಡುಗಳ ಗೊಂಚಲಿಗೆ ತಗುಲಿ ನಾಲ್ಕಾರು ಚೆಂಡು ಅಂಗಡಿ ತುಂಬ ಪುಟಿದಾಡಿದವು. “ಅಮ್ಮಾರೇ, ಸ್ವಲ್ಪ ಹೊರಗೆ ನಿಂತು ಬೀಸ್ರಿ” ಎಂದು ಸಾಹುಕಾರರು ಕೈಮುಗಿದರು. ಹೀಗೆ ನಾನು ಶಿರಾಳಕೊಪ್ಪದ ಸಂತೆಯ ನಡುವೆ, ಶಟಲ್ಲೂ ಇಲ್ಲದೆ, ಬರೀ ಗಾಳಿಗೆ ರ್ಯಾಕೆಟ್ ಬೀಸುತ್ತ ನಿಂತೆ. ಜನ ಸೇರಿದರು. ಸೊಪ್ಪು ಮಾರುತ್ತಿದ್ದ ಮುದುಕಿಯೊಬ್ಬಳು, “ನೊಣ ಹೊಡಿತೀಯೇನವ್ವಾ?” ಎಂದು ಕೇಳಿದಳು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಹೆಚ್ಚು ಸಲ ನೋಡಲಿಲ್ಲ...

“ಭಾರ ಆಯ್ತು ಅತ್ತಿಗೆ” ಎಂದೆ.

“ಭಾರ ನಿನ್ನ ಕೈಗಿಲ್ಲ, ಅದರ ತಲಿಗೈತೆ. ಮೇಲಿಂದ ತಾನೇ ಬೀಳ್ತದೆ. ನೀ ದಾರಿ ತೋರ್ಸಿದ್ರೆ ಸಾಕು.”

“ಅವರು ಜೋರಾಗಿ ಹೊಡೆದರೆ? ಇಷ್ಟು ಭಾರದ್ದನ್ನು ಬೇಗ ತಿರುಗಿಸೋಕೆ ಆಗಲ್ಲ.”

“ಅವ್ರಿಗೆ ಹೊಡಿಯಾಕೆ ಬಿಡಬಾರ್ದು ತಂಗಿ” ಎಂದರು. ನಗುತ್ತ ಹೇಳಲಿಲ್ಲ.

ಸೊರಬದಲ್ಲಿ ನಮ್ಮೆದುರು ಆಡಿದವರು ಅಲ್ಲಿನ ರೇಂಜರ್ ಸಾಹೇಬರ ಹೆಂಡತಿ ಮತ್ತು ಅವರ ತಂಗಿ. ಉಳವಿಯಿಂದ ಅಮ್ಮನೂ ಬಂದಿದ್ದಳು. ಸೊಸೆಯೂ ಮಗಳೂ ಆಡುವುದನ್ನು ನೋಡಲು ಮೊದಲ ಸಾಲಿನ ಕುರ್ಚಿಯಲ್ಲಿ, ಎಲೆಯಡಿಕೆ ಚೀಲ ಹಿಡಿದು ಕೂತಿದ್ದಳು. ಮೊದಲ ಆಟ ನಮ್ಮದಾಯಿತು. ಎರಡನೆಯದರಲ್ಲಿ ಅಕ್ಕತಂಗಿಯರು ಜಾಣರಾದರು. ಹೊಡೆಯದೆ, ಎತ್ತಿ ಎತ್ತಿ ಹಾಕಿ ಆಟವನ್ನು ಎಳೆದರು. ಸೋತೆವು.

ಮೂರನೆಯ ಆಟದ ನಡುವೆ ಅತ್ತಿಗೆ ಇದ್ದಕ್ಕಿದ್ದಂತೆ ಜನರಿಗೆ ಬೆನ್ನು ಮಾಡಿ ನಿಂತು ತುರುಬು ಬಿಚ್ಚಿ ಕಟ್ಟತೊಡಗಿದರು. ಕಟ್ಟಿದ್ದನ್ನು ಮತ್ತೆ ಬಿಚ್ಚಿದರು. ಹತ್ತಿರ ಹೋದೆ. ತುಟಿ ನೀಲಿಯಾಗಿತ್ತು. ಕೊರಳ ನರ ಪಟಪಟ ಹೊಡೆದುಕೊಳ್ಳುತ್ತಿತ್ತು.

“ಅತ್ತಿಗೆ, ಏನಾಯ್ತು? ನಿಲ್ಲಿಸಿಬಿಡೋಣ.”

“ಅತ್ತೆ ನೋಡ್ತಾ ಕೂತಾರೆ. ನಿಲ್ಸಿದ್ರೆ ಯಾಕೆ ಅಂತಾರೆ.” ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದರು. “ನೀ ಹೊಡಿ. ಉದ್ದ ಎಳೀಬ್ಯಾಡ. ಸಿಕ್ಕಿದ್ದನ್ನ ಅಲ್ಲೇ ಮುಗ್ಸು.”

ಆಗ ನನಗೆ ತಿಳಿಯಿತು. ಯಾಕೆ ಅವರು ಹಿಂದೆ ಓಡುತ್ತಿರಲಿಲ್ಲ, ಶಿರಾಳಕೊಪ್ಪದಲ್ಲಿ ಯಾಕೆ ಆ ಭಾರದ ರ್ಯಾಕೆಟ್ಟನ್ನೇ ಆರಿಸಿದರು ಎಂಬುದು. ನನ್ನ ಒಂದು ಹೊಡೆತ ತಪ್ಪಿದರೆ ಅವರು ಇನ್ನಷ್ಟು ಓಡಬೇಕಿತ್ತು. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಹೊಡೆದೆ. ಕಣ್ಣು ಮಂಜಾಗಿ, ಬೆವರೋ ಅಳುವೋ ಗೊತ್ತಾಗದೆ, ಮೇಲೆ ಬಂದದ್ದನ್ನೆಲ್ಲ ನೆಲಕ್ಕೆ ಹೊಡೆದೆ. ಜನ ಚಪ್ಪಾಳೆ ತಟ್ಟಿದಾಗಲೇ ಗೆದ್ದೆವೆಂದು ಗೊತ್ತಾದದ್ದು. “ಎಂತಾ ಹೊಡೆತನೇ ಮಾರಾಯ್ತಿ!” ಎಂದಳು ಅಮ್ಮ. ಅತ್ತಿಗೆಯ ಕಡೆ ತಿರುಗಿ, “ನೀನು ಪುಣ್ಯವಂತೆ. ನಿಂತಲ್ಲೇ ನಿಂತು ಗೆದ್ದೆ” ಎಂದು ಛೇಡಿಸಿದಳು. ಅತ್ತಿಗೆ ನಕ್ಕರು.

ವಾಪಸು ಬರುವ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿಕೊಂಡು ಹೇಳಿದರು.

“ಸಣ್ಣಾಕಿ ಇದ್ದಾಗ ಕೀಲು ಬಾತು ಜ್ವರ ಬಂದಿತ್ತು. ಅದು ಹೋತು, ಎದಿಯೊಳಗಿನ ಒಂದು ಬಾಗ್ಲು ಕೆಡಿಸಿ ಹೋತು. ನಿಮ್ಮಣ್ಣಗೆ ಮದುವಿಗೆ ಮುಂಚೆನೇ ಹೇಳಿದ್ದೆ. ಮಕ್ಕಳು ಬ್ಯಾಡ ಅಂದಾರೆ ಡಾಕ್ಟ್ರು. ಅತ್ತೆಗೆ ಹೆಂಗ್ ಹೇಳ್ಲಿ?”

“ಮತ್ತೆ ಯಾಕೆ ಆಡ್ತೀರಿ ಅತ್ತಿಗೆ?”

“ಆಡುವಾಗ ಮಾತ್ರ ಅದು ಮರ್ತು ಹೋಗ್ತೈತೆ” ಎಂದರು.

ಅದಾದ ಮೇಲೆ ಅವರು ಆಡಲಿಲ್ಲ. ಬೇಲಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ನನ್ನ ತಪ್ಪುಗಳನ್ನು ಕೂಗಿ ಹೇಳುತ್ತಿದ್ದರು. ಮುಂದಿನ ಬೇಸಗೆಯಲ್ಲಿ ಅಮ್ಮ ಉಳವಿಯಿಂದ ನಾಟಿ ಔಷಧಿ ಹಿಡಿದು ಬಂದಳು, ಸೊಸೆಗೆ ಮಕ್ಕಳಾಗಲೆಂದು. ಅತ್ತಿಗೆ ಆ ಬೇರಿನ ಗಂಟನ್ನು ಎದುರಿಗಿಟ್ಟುಕೊಂಡು ಕೂತು ಎಲ್ಲವನ್ನೂ ಹೇಳಿಬಿಟ್ಟರು. ಮನೆ ಒಡೆದುಹೋಗುತ್ತದೆಂದು ಹೆದರಿ ನಾನು ಬಾಗಿಲ ಹಿಂದೆ ನಿಂತಿದ್ದೆ. ಅಮ್ಮ ಕೊನೆಯವರೆಗೂ ಕೇಳಿದಳು. ಆಮೇಲೆ, “ನಿನ್ನ ಹತ್ರ ಬಾವಿ ನೀರು ಸೇದಿಸಿದ್ನಲ್ಲೇ... ಒಂದು ಮಾತು ಹೇಳ್ಬಾರ್ದಿತ್ತಾ?” ಎಂದು ಸೊಸೆಯ ಕೈ ಹಿಡಿದುಕೊಂಡು ಅತ್ತಳು. ಗಂಟನ್ನು ಹಿತ್ತಿಲಿಗೆ ಎಸೆದಳು.

ಎದೆಯ ಆಪರೇಷನ್ ಆಗಿನ್ನೂ ಹೊಸದು. ಮದ್ರಾಸಿನ ಕಡೆ ಮಾಡುತ್ತಾರೆಂದು ಯಾರೋ ಹೇಳಿದರು. ಅಣ್ಣನಿಗೆ ಧೈರ್ಯವಿರಲಿಲ್ಲ. “ನಾಲ್ಕು ಮೆಟ್ಲು ಹತ್ತಾಕೆ ಆಗದ್ದು ಒಂದು ಬದುಕೇನ್ರೀ? ಕರ್ಕಂಡು ಹೋಗ್ರಿ” ಎಂದು ಹಟ ಹಿಡಿದವರು ಅತ್ತಿಗೆಯೇ. ಹೊರಡುವ ದಿನ ಬಸ್ಸಿನ ಕಿಟಕಿಯಿಂದ ಕೈ ಚಾಚಿ ನನ್ನ ಜಡೆ ಎಳೆದು, “ನಾ ಬರೋದ್ರೊಳಗೆ ನಿನ್ನ ಸರ್ವಿಸ್ ತಿದ್ಕ. ಬಾಳ ಎತ್ತರ ಹೋಗ್ತೈತೆ” ಎಂದರು.

ಆಪರೇಷನ್ ಆದ ಮೇಲೆ ಕಣ್ಣು ತೆರೆದರಂತೆ. ಎರಡು ಗುಟುಕು ನೀರು ಕುಡಿದರಂತೆ... ಅಣ್ಣ ಒಬ್ಬನೇ ಮರಳಿ ಬಂದ. ಜಗಲಿಯ ಮೇಲೆ ಕೂತು ಕಾಲಿನ ಧೂಳು ಕೊಡವುತ್ತಲೇ ಇದ್ದ.

ನಾನು ಮದುವೆಯಾಗಿ ಸೊರಬಕ್ಕೇ ಬಂದೆ. ಅದೇ ಕ್ಲಬ್ಬಿನಲ್ಲಿ ಒಂದೆರಡು ಸಲ ಆಡಲು ನೋಡಿದೆ. ಹಿಂದೆ ನಿಂತವಳಿಗೆ ಕಾಣುವುದು ಮುಂದೆ ನಿಂತವರ ಬೆನ್ನು. ಅದು ಬೇರೆ ಯಾರದ್ದೋ ಬೆನ್ನಾಗಿತ್ತು. ಬಿಟ್ಟುಬಿಟ್ಟೆ. ರ್ಯಾಕೆಟ್ಟಿನ ತಂತಿಗಳನ್ನು ಅಟ್ಟದ ಮೇಲೆ ಇಲಿ ತಿಂದವು.

ಅಣ್ಣನಿಗೆ ಅಮ್ಮನೇ ಒತ್ತಾಯ ಮಾಡಿ ಇನ್ನೊಂದು ಮದುವೆ ಮಾಡಿಸಿದಳು. ಬಂದವರು ಒಳ್ಳೆಯವರು. ಆಮೇಲೆ ನಾನು ಮೊದಲ ಸಲ ಶಿಕಾರಿಪುರದ ಅಣ್ಣನ ಮನೆಗೆ ಹೋದಾಗ ಅಂಗಳದಲ್ಲಿ ನಿಂತು ಅಭ್ಯಾಸದಂತೆ “ಅತ್ತಿಗೇ...” ಎಂದು ಕರೆದೆ. ಒಳಗಿನಿಂದ “ಓ, ಬಂದೆ” ಎಂದ ದನಿ ಬೇರೆಯದಾಗಿತ್ತು. ಕಾಲು ತೊಳೆಯುವ ನೆಪದಲ್ಲಿ ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಇವರಿಗೆ ನೋವಾಗಬಾರದೆಂದು ಮನೆಯಲ್ಲಿ ಯಾರೂ ಮೊದಲಿನ ಅತ್ತಿಗೆಯ ಮಾತನ್ನು ಎತ್ತುತ್ತಿರಲಿಲ್ಲ. ಎತ್ತದೆ ಎತ್ತದೆ ಅದು ಇಲ್ಲವೇ ಆಗಿಹೋಯಿತು. ಈಗ ಅಮ್ಮ ಇಲ್ಲ, ಅಣ್ಣನೂ ಇಲ್ಲ.

“ಅಜ್ಜಿ, ನೀವೂ ಡಬಲ್ಸ್ ಆಡ್ತಿದ್ರಂತೆ, ಅಪ್ಪ ಹೇಳ್ತಿದ್ರು” ಎಂದಳು ಮೊಮ್ಮಗಳು, ಅಂಗಡಿಯವನು ಬಿಲ್ಲು ಬರೆಯುತ್ತಿದ್ದಾಗ. “ನಿಮ್ಮ ಪಾರ್ಟ್ನರ್ ಯಾರು?”

“ನಮ್ಮತ್ತಿಗೆ.”

“ಅಯ್ಯೋ, ಶಿಕಾರಿಪುರದ ದೊಡ್ಡಜ್ಜಿನಾ? ಅವರು ಬ್ಯಾಡ್ಮಿಂಟನ್ ಆಡ್ತಿದ್ರಾ?”

“ಅವರಲ್ಲ ಪುಟ್ಟಿ. ಅವರಿಗಿಂತ ಮುಂಚಿನವರು.”

ಅವಳು ರ್ಯಾಕೆಟ್ಟನ್ನು ಚೀಲಕ್ಕೆ ಹಾಕುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು. “ಮುಂಚೆ ಒಬ್ಬರು ಇದ್ರಾ ಅಜ್ಜಿ?”

“ಇದ್ದರು” ಎಂದೆ.